ಪರದೆಯ ಕೆಳಗೆ ಓಡುತ್ತಿದ್ದ ಸಾಲು: ಸಾಗರದ ಕೇಬಲ್ ಚಾನೆಲ್ ನಡೆಸಿದ ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ ನಾನು ಕೇಬಲ್ ಎಳೆಯುವ ಕೆಲಸಕ್ಕೆ ಇಳಿದದ್ದು 1993ರ ಮಳೆಗಾಲ ಮುಗಿದ ಮೇಲೆ. ಅದಕ್ಕೂ ಮುಂಚೆ ನಮ್ಮ ಕಡೆ ಟಿವಿ ನೋಡುವುದೆಂದರೆ, ಬಿದಿರು ಗಳದ ತುದಿಗೆ ಆಂಟೆನಾ ಮತ್ತು ಬೂಸ್ಟರ್ ಕಟ್ಟಿ, ಅಂಗಳದಲ್ಲಿ ಒಬ್ಬರು ಗಳ ತಿರುಗಿಸುತ್ತ 'ಬಂತಾ?' ಎಂದು ಕೂಗುವುದು, ಒಳಗಿನಿಂದ ಇನ್ನೊಬ್ಬರು 'ಬಂತು, ಬಂತು, ಹೋಯ್ತು' ಎಂದು ಉತ್ತರಿಸುವುದು. ಗುಡ್ಡಗಳ ಸಂದಿನಲ್ಲಿರುವ ಊರುಗಳಿಗೆ ದೂರದರ್ಶನದ ಸಂಕೇತ ನೆಟ್ಟಗೆ ತಲುಪುತ್ತಿರಲಿಲ್ಲ. ಏಷ್ಯಾಸ್ಯಾಟ್-1 ಉಪಗ್ರಹದಿಂದ 1991ರಲ್ಲಿ ಸ್ಟಾರ್ ಟಿವಿ, 1992ರ ಅಕ್ಟೋಬರಿನಲ್ಲಿ ಝೀ ಟಿವಿ ಇಳಿಯತೊಡಗಿದಾಗ ಗುಡ್ಡ ಅಡ್ಡ ಬರುವ ಮಾತೇ ಉಳಿಯಲಿಲ್ಲ. ಆಕಾಶ ಕಾಣುವ ಒಂದು ತಾರಸಿ ಸಾಕಾಗಿತ್ತು. ನಾನು ಮತ್ತು ನನ್ನ ಭಾವ ಪಾಲಿನಲ್ಲಿ ಜಾಲರಿಯ ಡಿಶ್ ಒಂದನ್ನು ತಂದು ಕೂರಿಸಿದೆವು. ಹಿಂದಿ, ಇಂಗ್ಲಿಷ್ ನೋಡುವವರು ಪೇಟೆಯಲ್ಲಿ ಎಷ್ಟು ಮಂದಿ ಇದ್ದಾರು? ನಮ್ಮ ಸಂಪರ್ಕಗಳ ಸಂಖ್ಯೆ ಏರಿದ್ದು 1994ರಲ್ಲಿ ಉದಯ ಟಿವಿ ಶುರುವಾದ ಮೇಲೆಯೇ.

ಸ್ವಂತ ಚಾನೆಲ್ ಎನ್ನುವುದು ಹುಟ್ಟಿದ್ದು ಯಾವ ಯೋಜನೆಯಿಂದಲೂ ಅಲ್ಲ. ಆಗಿನ ಅನಲಾಗ್ ವ್ಯವಸ್ಥೆಯಲ್ಲಿ ಪ್ರತಿ ಚಾನೆಲ್‌ಗೂ ಒಂದು ರಿಸೀವರ್, ಅದರ ಚಿತ್ರವನ್ನು ಕೇಬಲ್‌ಗೆ ಏರಿಸುವ ಒಂದು ಮಾಡ್ಯುಲೇಟರ್ ಬೇಕಾಗಿತ್ತು. ನಮ್ಮಲ್ಲಿ ಒಂದು ಮಾಡ್ಯುಲೇಟರ್ ಹೆಚ್ಚಿಗೆ ಉಳಿದಿತ್ತು. ಅದಕ್ಕೆ ವಿಸಿಆರ್ ಜೋಡಿಸಿ ಸಂಜೆಯ ಹೊತ್ತು ಸಿನಿಮಾ ಹಾಕಿದೆವು. ಆ ಸಿನಿಮಾಗಳ ಹಕ್ಕು ನಮ್ಮ ಬಳಿ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕೇಬಲ್ ಟೆಲಿವಿಷನ್ ಜಾಲಗಳ ಕಾಯ್ದೆ 1995ರಲ್ಲಿ ಬಂದು, ಪ್ರಧಾನ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಂಡು, ಏನನ್ನು ತೋರಿಸಬಾರದು ಎಂದು ಹೇಳುವ ಕಾರ್ಯಕ್ರಮ ಸಂಹಿತೆಯ ಪ್ರತಿಯನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಕ್ರಮೇಣ ಸಿನಿಮಾ ನಿಲ್ಲಿಸಿದೆವು. ಬದಲಿಗೆ ಶಾಲಾ ವಾರ್ಷಿಕೋತ್ಸವ, ಗಣಪತಿ ವಿಸರ್ಜನೆಯ ಮೆರವಣಿಗೆ, ಮೂರು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆ, ಮೇಳದವರು ಒಪ್ಪಿದರೆ ಯಕ್ಷಗಾನ, ಹೀಗೆ ನಮ್ಮ ಕ್ಯಾಮೆರಾದಲ್ಲಿ ನಾವೇ ತೆಗೆದದ್ದನ್ನು ಹಾಕತೊಡಗಿದೆವು.

ಪರದೆಯ ಕೆಳಗೆ ಅಕ್ಷರ ಓಡಿಸುವುದನ್ನು ಶುರು ಮಾಡಿದ್ದು 1999ರಲ್ಲಿ. ಕನ್ನಡದಲ್ಲಿ ಟೈಪ್ ಮಾಡಲು ಬರಹ ತಂತ್ರಾಂಶ ಆಗಷ್ಟೇ ಕೈಗೆ ಬಂದಿತ್ತು. ಒಂದು ಹಳೆಯ ಕಂಪ್ಯೂಟರ್ ಕೊಂಡು, 'ಬಟ್ಟೆ ಅಂಗಡಿಯಲ್ಲಿ ರಿಯಾಯಿತಿ', 'ಮನೆ ಬಾಡಿಗೆಗಿದೆ' ಎಂಬಂಥ ಜಾಹೀರಾತಿಗೆಂದು ಆ ಸಾಲನ್ನು ಮೀಸಲಿಟ್ಟಿದ್ದೆ. ಜಾಹೀರಾತು ಇಲ್ಲದ ದಿನ ಸಾಲು ಖಾಲಿ ಓಡಬಾರದೆಂದು ಆ ದಿನದ ಅಡಿಕೆ ಧಾರಣೆಯನ್ನು ಹಾಕಿದೆ. ನಮ್ಮ ಮಾರುಕಟ್ಟೆಯಲ್ಲಿ ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕಾ ಎಂದು ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಧಾರಣೆ. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ ಬೆಲೆ) ಎಂದು ಮೂರು ಅಂಕಿ. ಪತ್ರಿಕೆಯಲ್ಲಿ ಇದು ಮರುದಿನ ಬೆಳಿಗ್ಗೆ ಬರುತ್ತಿತ್ತು, ನಮ್ಮಲ್ಲಿ ಟೆಂಡರ್ ಮುಗಿದ ಸಂಜೆಯೇ. ನಾಳೆ ಮೂಟೆ ಹೇರಿಸಿಕೊಂಡು ಹೊರಡಬೇಕೋ, ಇನ್ನೊಂದು ವಾರ ಅಟ್ಟದ ಮೇಲೆಯೇ ಇರಲಿ ಎನ್ನಬೇಕೋ ಎಂದು ನಿರ್ಧರಿಸುವವನಿಗೆ ಈ ಒಂದು ರಾತ್ರಿಯ ಅಂತರ ಸಣ್ಣದಲ್ಲ. ಆದರೆ ಅದರ ತೂಕ ಆಗ ನನಗೇ ಗೊತ್ತಿರಲಿಲ್ಲ.

ಅದು ಗೊತ್ತಾಗಬೇಕಾಗಿದ್ದ ಒಂದು ಘಟನೆ ನಡೆದೂ ಹೋಯಿತು. ಒಂದು ಸಂಜೆ ಚಾಲಿಯ ಗರಿಷ್ಠ ಧಾರಣೆಯಲ್ಲಿ ನಾನು ಒಂದು ಅಂಕಿ ತಪ್ಪಾಗಿ ಒತ್ತಿದೆ. ಕ್ವಿಂಟಲಿಗೆ ಸಾವಿರ ರೂಪಾಯಿ ಹೆಚ್ಚಿಗೆ ತೋರಿಸಿತು. ಮರುದಿನ ಮಧ್ಯಾಹ್ನ ಹಿರಿಯರೊಬ್ಬರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಜೀಪಿನ ಬಾಡಿಗೆ ಕೊಟ್ಟು ಹದಿನಾರು ಮೂಟೆ ತಂದಿದ್ದರಂತೆ. ಬೈಯಲಿಲ್ಲ. 'ತಮ್ಮಾ, ನಿನ್ನ ಟಿವಿ ನೋಡಿ ಹೇರಿಸ್ಕೊಂಡು ಬಂದೆ. ಇಲ್ಲಿ ಬಂದು ಕೇಳಿದ್ರೆ ಎಲ್ಲ ನಗ್ತಾರೆ ಮಾರಾಯ' ಎಂದರು. ಜೀಪಿನ ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿದು ಹೋದರು. ಅಂದಿನಿಂದ ಇವತ್ತಿನವರೆಗೆ ನಮ್ಮಲ್ಲಿ ಒಂದು ಕ್ರಮವಿದೆ: ಒಬ್ಬರು ಚೀಟಿ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪ್ ಮಾಡುವುದು, ಆಮೇಲೆ ಟೈಪ್ ಮಾಡಿದವರು ಪರದೆಯಿಂದ ಓದುವುದು, ಮೊದಲಿನವರು ಚೀಟಿ ನೋಡುವುದು. ಚೀಟಿಯ ಮೇಲೆ ಇಬ್ಬರ ಸಹಿ. ಚೀಟಿಗಳನ್ನು ತಂತಿಗೆ ಚುಚ್ಚಿ ಒಂದು ವರ್ಷ ಇಡುತ್ತೇವೆ.

ಉಪಗ್ರಹದಿಂದ ನೇರ ಮನೆಯ ಪುಟ್ಟ ಡಿಶ್‌ಗೇ ಚಾನೆಲ್ ಇಳಿಸುವ ಡಿಟಿಎಚ್ ಬಂದ ಮೇಲೆ ನಮ್ಮ ಕಾಲ ಕೆಟ್ಟಿತು. ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರಿನಲ್ಲಿ ಆರಂಭವಾಯಿತು, ಖಾಸಗಿಯವರು ಒಬ್ಬರ ಹಿಂದೆ ಒಬ್ಬರು ಬಂದರು. ಪೇಟೆಯೊಳಗೆ ನಾವು ಹೇಗೋ ನಿಂತೆವು. ಹಳ್ಳಿಯ ಕಡೆ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಬಯಲುಸೀಮೆಯಲ್ಲಿ ಒಂದು ಬೀದಿಗೆ ತಂತಿ ಎಳೆದರೆ ನಲವತ್ತು ಮನೆ ಸಿಗುತ್ತವೆ. ಮಲೆನಾಡಿನಲ್ಲಿ ಒಂದು ಕಿಲೋಮೀಟರ್ ಎಳೆದರೆ ತೋಟದ ತಲೆಯಲ್ಲಿ ಒಂದು ಮನೆ, ಹಳ್ಳ ದಾಟಿ ಇನ್ನೆರಡು. ತಾಮ್ರದ ಏಕಾಕ್ಷ (ಕೋಆಕ್ಸಿಯಲ್) ತಂತಿಯಲ್ಲಿ ಸಂಕೇತ ದೂರ ಹೋದಂತೆ ಸೊರಗುತ್ತದೆ, ಹಾಗಾಗಿ ನಡುನಡುವೆ ಆಂಪ್ಲಿಫೈಯರ್ ಬೇಕು; ಪ್ರತಿ ಆಂಪ್ಲಿಫೈಯರ್ ಸಂಕೇತದ ಜೊತೆಗೆ ಗದ್ದಲವನ್ನೂ ಹಿಗ್ಗಿಸುವುದರಿಂದ ಸಾಲಿನ ಕೊನೆಯ ಮನೆಗೆ ಚಿತ್ರಕ್ಕಿಂತ ಚುಕ್ಕೆಗಳೇ ಹೆಚ್ಚು ತಲುಪುತ್ತವೆ. ನಡುವಿನ ಒಂದು ಕಡೆ ಕರೆಂಟು ಹೋದರೆ ಅಲ್ಲಿಂದ ಮುಂದಿನವರಿಗೆಲ್ಲ ಕತ್ತಲು. ಮಳೆಗಾಲದಲ್ಲಿ ಕನೆಕ್ಟರ್ ಒಳಗೆ ನೀರು, ಏಪ್ರಿಲ್‌ನಲ್ಲಿ ಸಿಡಿಲು, ವರ್ಷವಿಡೀ ಮಂಗ. ಇಷ್ಟರ ನಡುವೆ ನಮ್ಮ ಹುಡುಗರು ಕಂಬ ಹತ್ತಿ ದುಡಿದದ್ದನ್ನು ನೆನೆದರೆ ಈಗಲೂ ನನಗೆ ಒಂದು ಬಗೆಯ ನಾಚಿಕೆಯಾಗುತ್ತದೆ, ಯಾಕೆಂದರೆ ಅವರಿಗೆ ಕೊಡಬೇಕಾದಷ್ಟು ಸಂಬಳ ನಾನು ಕೊಡಲಿಲ್ಲ.

ಆ ಹೊತ್ತಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬೇರೆಯದೇ. ಬೆಂಗಳೂರಿನಿಂದ 24 ಗಂಟೆಯ ಕನ್ನಡ ಸುದ್ದಿ ಚಾನೆಲ್‌ಗಳು ಬಂದಿದ್ದವು, ನಾವೂ ಹಾಗೆ ಆಗಬೇಕು ಎಂದುಕೊಂಡೆ. ಸಾಲ ಮಾಡಿ ನೀಲಿ ಪರದೆಯ ಸ್ಟುಡಿಯೊ ಕಟ್ಟಿಸಿದೆ. ಪದವಿ ಮುಗಿಸಿದ ಒಬ್ಬ ಹುಡುಗನಿಗೆ ಕೋಟು, ಟೈ ತೊಡಿಸಿ ಸುದ್ದಿ ಓದಿಸಿದೆ. ಆ ಸೆಕೆಯಲ್ಲಿ ಅವನ ಹಣೆಯ ಬೆವರು ಕ್ಯಾಮೆರಾಕ್ಕೆ ಕಾಣುತ್ತಿತ್ತು. ಫೋನ್ ಮಾಡಿ ಹಾಡು ಕೇಳುವ ಕಾರ್ಯಕ್ರಮ ಮಾಡಿದೆ. ಎಲ್ಲವೂ ದೊಡ್ಡವರು ಮಾಡುವುದರ ಬಡ ನಕಲು. ರಾಜಧಾನಿಯ ರಾಜಕೀಯವನ್ನು ನಮ್ಮ ಬಾಯಿಂದ ಯಾರಾದರೂ ಯಾಕೆ ಕೇಳಬೇಕು?

ಅರಿವು ಮೂಡಿಸಿದ್ದು ಒಂದು ಸಿಡಿಲು. 2016ರ ಮೇ ತಿಂಗಳ ಒಂದು ಸಂಜೆ ಸ್ಕ್ರೋಲ್ ಓಡಿಸುವ ಕಂಪ್ಯೂಟರ್ ಸುಟ್ಟುಹೋಯಿತು. ಉಳಿದ ಯಂತ್ರಗಳಿಗೆ ಏನೂ ಆಗಿರಲಿಲ್ಲವಾದ್ದರಿಂದ ಮೇಲಿನ ಚಿತ್ರ, ಸುದ್ದಿ, ಹಾಡು ಎಲ್ಲವೂ ಎಂದಿನಂತೆ ನಡೆಯಿತು. ಕೆಳಗಿನ ಸಾಲು ಮಾತ್ರ ಇರಲಿಲ್ಲ. ಆ ರಾತ್ರಿ ಒಂಬತ್ತರೊಳಗೆ ಅಂಗಡಿಯ ಫೋನ್ ಎಡೆಬಿಡದೆ ಬಾರಿಸಿತು. ರಾಶಿ ಎಷ್ಟಕ್ಕೆ ಹೋಯಿತು, ನಾಳೆ ಕರೆಂಟು ತೆಗೆಯುತ್ತಾರಂತೆ ಹೌದೇ, ಇಂಥವರ ಮನೆಯ ಅಜ್ಜ ತೀರಿಕೊಂಡರಂತೆ, ಸಂಸ್ಕಾರ ಎಷ್ಟು ಹೊತ್ತಿಗೆ? ಅದರ ಹಿಂದಿನ ತಿಂಗಳು ಸ್ಟುಡಿಯೊದ ಕ್ಯಾಮೆರಾ ಕೆಟ್ಟು ಮೂರು ದಿನ ಸುದ್ದಿಯೇ ಇರಲಿಲ್ಲ. ಆಗ ಫೋನ್ ಮಾಡಿದವರು ಇಬ್ಬರು, ಅದರಲ್ಲಿ ಒಬ್ಬರು ಸುದ್ದಿ ಓದುವ ಹುಡುಗನ ತಾಯಿ. ನಾನು ಯಾವುದನ್ನು ಚಾನೆಲ್ ಎಂದುಕೊಂಡು ಸಾಲ ತೀರಿಸುತ್ತಿದ್ದೆನೋ ಅದು ಜನರಿಗೆ ಸಾಲಿನ ಹಿಂದೆ ತೂಗುಹಾಕಿದ ಪರದೆಯಾಗಿತ್ತು.

ಸ್ಟುಡಿಯೊವನ್ನು ಮುಚ್ಚಿದೆ. ಅದೇ ಹೊತ್ತಿಗೆ ಅನಲಾಗ್ ಕೇಬಲ್ ನಿಲ್ಲಿಸುವ ಸರ್ಕಾರದ ಡಿಜಿಟಲೀಕರಣದ ನಾಲ್ಕನೆಯ ಹಂತದ ಗಡುವು, 2017ರ ಮಾರ್ಚ್ 31, ಹತ್ತಿರ ಬರುತ್ತಿತ್ತು. ಸೆಟ್‌ಟಾಪ್ ಬಾಕ್ಸ್ ಇಲ್ಲದೆ ಚಿತ್ರವಿಲ್ಲ, ನಾವು ಸಂಕೇತ ಪಡೆಯುತ್ತಿದ್ದ ದೊಡ್ಡ ಜಾಲದವರ ಪಟ್ಟಿಯಲ್ಲಿ ಸ್ಥಾನವಿಲ್ಲದೆ ನಮ್ಮ ಚಾನೆಲ್ ಇಲ್ಲ. ಅವರು ಕೊಟ್ಟ ಸಂಖ್ಯೆ ಎಲ್ಲೋ ಕೊನೆಯಲ್ಲಿತ್ತು. ಮುಂದೆ ತರಬೇಕಾದರೆ ಹಣ ಕೇಳಿದರು. ಬೇಡವೆಂದೆ. ಬದಲಿಗೆ ಬಾಕ್ಸ್ ಕೂರಿಸಲು ಹೋದ ನಮ್ಮ ಹುಡುಗರೇ ಪ್ರತಿ ಮನೆಯಲ್ಲೂ ಆ ಸಂಖ್ಯೆಯನ್ನು ರಿಮೋಟಿನ ಹಿಂದೆ ಕಾಗದ ಅಂಟಿಸಿ ಬರೆದು ಬಂದರು. ಮುಖ್ಯ ಮಾರ್ಗಗಳನ್ನು ನಾವು ಸ್ವಲ್ಪ ಸ್ವಲ್ಪವಾಗಿ ಆಪ್ಟಿಕಲ್ ಫೈಬರ್‌ಗೆ ಬದಲಿಸಿದೆವು. ಗಾಜಿನ ಎಳೆಯಲ್ಲಿ ಬೆಳಕು ಹೋಗುವುದರಿಂದ ನಡುವೆ ಆಂಪ್ಲಿಫೈಯರ್ ಬೇಡ, ಸಿಡಿಲಿನ ಹೊಡೆತ ತಂತಿಯ ಗುಂಟ ಓಡಿಬಂದು ಯಂತ್ರ ಸುಡುವ ಭಯವೂ ಇಲ್ಲ. ಮರ ಬಿದ್ದರೆ ತುಂಡಾಗುವುದು ಮಾತ್ರ ಮೊದಲಿನಂತೆಯೇ. ಆಗ ಸ್ಪ್ಲೈಸಿಂಗ್ ಯಂತ್ರವನ್ನು ಕೊಡೆಯ ಅಡಿ ಹಿಡಿದು ಕೂದಲಿನಂಥ ಎಳೆಯನ್ನು ಬೆಸೆಯಬೇಕು.

ಹೊಸ ಚಾನೆಲ್‌ನಲ್ಲಿ ಕೆಳಗಿನ ಸಾಲನ್ನೇ ಇಡೀ ಪರದೆಗೆ ಹರಡಿದೆವು. ಎಡಗಡೆ ಅಡಿಕೆ ಧಾರಣೆಯ ಪಟ್ಟಿ, ಹಿಂದಿನ ದಿನದ ಅಂಕಿಯ ಪಕ್ಕದಲ್ಲಿ ಇಂದಿನದು. ಬಲಗಡೆ ಮಳೆ. ಮಳೆಯ ಭಾಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟ ಕೆಲಸ. ನಮ್ಮಲ್ಲಿ ತಮ್ಮ ತೋಟದಲ್ಲೇ ಮಳೆಮಾಪಕ ಇಟ್ಟುಕೊಂಡು ದಿನಚರಿಯಲ್ಲಿ ಬರೆದಿಡುವ ಕೃಷಿಕರು ಇದ್ದಾರೆ. ಅಂಥ ಹನ್ನೊಂದು ಜನರನ್ನು ಹುಡುಕಿ, ದಿನಾ ಬೆಳಿಗ್ಗೆ ಎಂಟೂವರೆಗೆ ಅಂಕಿ ಕಳಿಸಿ ಎಂದು ಕೇಳಿಕೊಂಡೆ. ಮಿಲಿಮೀಟರ್‌ನಲ್ಲಿ ಹಾಕಿದರೆ ಹಳಬರು 'ಇಂಚಲ್ಲಿ ಹೇಳಿ ಮಾರಾಯ್ರೆ' ಎಂದರು, ಎರಡನ್ನೂ ಹಾಕಿದೆವು. ತಾರೀಖಿನ ಪಕ್ಕದಲ್ಲಿ ಆರಿದ್ರೆ, ಪುನರ್ವಸು, ಪುಷ್ಯ ಎಂದು ಮಳೆಯ ನಕ್ಷತ್ರವನ್ನೂ ಬರೆದೆವು.

ಇದು ಹವ್ಯಾಸದ ಲೆಕ್ಕವಲ್ಲ. ಕೊಳೆ ರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆಯಬೇಕು: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು ಸುಮಾರು ನಲವತ್ತು, ನಲವತ್ತೈದು ದಿನಕ್ಕೆ. ಆ ಹೊತ್ತಿಗೆ ಮಳೆ ಬಿಡುವು ಕೊಡಬೇಕು, ಮರ ಹತ್ತುವ ಕೊನೆಗೌಡ ಸಿಗಬೇಕು. ಪಕ್ಕದ ಊರಲ್ಲಿ ಎರಡು ದಿನದಿಂದ ಮಳೆ ಕಡಿಮೆಯಾಗಿದೆ ಎಂದು ಪರದೆಯಲ್ಲಿ ಕಂಡವನು ಆ ರಾತ್ರಿಯೇ ಕೊನೆಗೌಡನಿಗೆ ಫೋನ್ ಮಾಡುತ್ತಾನೆ. ಆಮೇಲೆ ಕೊನೆಗೌಡರೇ ನಮ್ಮ ಬಳಿ ಬಂದು, ಯಾವ ವಾರ ಯಾವ ಊರಲ್ಲಿರುತ್ತೇವೆ ಎಂದು ಹಾಕಿಸತೊಡಗಿದರು. ಅದಕ್ಕೆ ನಾವು ದುಡ್ಡು ತೆಗೆದುಕೊಳ್ಳುವುದಿಲ್ಲ.

ಪರದೆಯ ಕೆಳಭಾಗದಲ್ಲಿ ಲಿಂಗನಮಕ್ಕಿ ಜಲಾಶಯದ ಮಟ್ಟ. ಅದರ ಪೂರ್ಣ ಮಟ್ಟ 1819 ಅಡಿ ಎಂಬುದು ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಹಿನ್ನೀರಿನ ಆಚೆ ಇರುವ ಊರುಗಳವರಿಗೆ ಆ ಸಂಖ್ಯೆಯ ಅರ್ಥ ಬೇರೆ: ಬೇಸಿಗೆಯಲ್ಲಿ ನೀರು ತೀರ ಇಳಿದರೆ ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಜನ, ವಾಹನ ದಾಟಿಸುವ ದೊಡ್ಡ ದೋಣಿ, ಲಾಂಚ್‌ಗೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಆಸ್ಪತ್ರೆಗೋ ಸಿಗಂದೂರು ದೇವಸ್ಥಾನಕ್ಕೋ ಕಾರಿನಲ್ಲಿ ಹೊರಟವರು ದಡಕ್ಕೆ ಹೋಗಿ ವಾಪಸ್ಸಾಗುವುದು ತಪ್ಪಲಿ ಎಂದು 'ಲಾಂಚ್: ವಾಹನ ಇದೆ' ಅಥವಾ 'ಜನ ಮಾತ್ರ' ಎಂಬ ಒಂದು ಸಾಲು ಇಟ್ಟೆವು. ನಮ್ಮ ಇಡೀ ಪರದೆಯಲ್ಲಿ ಅತಿ ಚಿಕ್ಕ ಸಾಲು ಅದು.

2019ರ ಆರಂಭದ ತಿಂಗಳುಗಳು ಕಷ್ಟದವು. ತಾಲೂಕಿನ ಅರಳಗೋಡು ಭಾಗದಲ್ಲಿ ಕಾಡಿನ ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯಿಂದ ಸಾವುಗಳಾಗಿದ್ದವು. 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ ಆದ್ದರಿಂದ ಈ ಕಾಯಿಲೆ ಇಲ್ಲಿಯವರಿಗೆ ಹೊಸದಲ್ಲ, ಆದರೂ ಭಯಕ್ಕೆ ಹಳತು ಹೊಸತು ಎಂಬುದಿಲ್ಲ. ಹೊರಗಿನ ಕ್ಯಾಮೆರಾಗಳು ಅಳುವ ಮುಖಗಳನ್ನು ತೋರಿಸುತ್ತಿದ್ದಾಗ ನಾವು ಒಂದೂ ಮುಖ ತೋರಿಸಬಾರದೆಂದು ತೀರ್ಮಾನಿಸಿದೆವು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಕಾಡಿಗೆ, ಬೆಟ್ಟಕ್ಕೆ ಸೊಪ್ಪು ತರಲು ಹೋಗುವ ಮುಂಚೆ ಕೈಕಾಲಿಗೆ ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಉಣುಗು ನೋಡಿಕೊಳ್ಳಿ, ಲಸಿಕೆ ಇಂದು ಯಾವ ಊರಲ್ಲಿ. ಇಷ್ಟೇ.

ಮರುವರ್ಷ ಲಾಕ್‌ಡೌನ್. ಅಡಿಕೆ ವಹಿವಾಟು ನಿಂತ ದಿನಗಳಲ್ಲಿ ಧಾರಣೆಯ ಪಟ್ಟಿಯನ್ನು ತೆಗೆದುಬಿಡೋಣ ಎಂದು ನಮ್ಮವರು ಹೇಳಿದರು. ನಾನು ತೆಗೆಯಲಿಲ್ಲ, ಪ್ರತಿ ದಿನ ತಾರೀಖು ಬದಲಿಸಿ 'ಇಂದು ವಹಿವಾಟು ಇಲ್ಲ' ಎಂದು ಹಾಕಿದೆವು. ಮನೆಗೇ ಬಂದು ಕಡಿಮೆ ಬೆಲೆಗೆ ಕೇಳುವವರಿಗೆ ಆ ಖಾಲಿ ಪಟ್ಟಿ ತೋರಿಸಿ, ಮಾರುಕಟ್ಟೆ ತೆರೆಯಲಿ ಎಂದು ಕಳಿಸಿದವರಿದ್ದಾರೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. 2019ರ ಹೊಸ ದರ ವ್ಯವಸ್ಥೆಯಲ್ಲಿ ನೂರು ಚಾನೆಲ್‌ಗೆ ತೆರಿಗೆ ಬಿಟ್ಟು 130 ರೂಪಾಯಿ ಜಾಲದ ಶುಲ್ಕ ನಿಗದಿಯಾಯಿತು. ಅದರಲ್ಲಿ ನಮ್ಮ ಪಾಲಿಗೆ ಬರುವುದರಿಂದ ಚಾನೆಲ್ ನಡೆಯುವುದಿಲ್ಲ. ನಡೆಸುತ್ತಿರುವುದು ನರ್ಸರಿ, ಅಡಿಕೆ ಸುಲಿಯುವ ಯಂತ್ರ, ಗೊಬ್ಬರದ ಅಂಗಡಿಗಳ ಜಾಹೀರಾತು. ಸಾವಿನ ಸುದ್ದಿ ಉಚಿತ, ವರ್ಷದ ಪುಣ್ಯಸ್ಮರಣೆಯ ಫೋಟೊಕ್ಕೆ ಮಾತ್ರ ದರ. ಮಳೆಗಾಲದ ಶನಿವಾರ ರಾತ್ರಿ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಲೆಯನ್ನು ನೇರಪ್ರಸಾರ ಮಾಡುತ್ತೇವೆ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಒಂದೇ ಕ್ಯಾಮೆರಾ ಸಾಕು, ಆದರೆ ಮಾತಾಡುವ ಅರ್ಥಧಾರಿಗಳ ಮೈಕ್ ಒಂದೊಂದೂ ಚೆನ್ನಾಗಿರಬೇಕು. ನಾನು ಖರ್ಚಿನಲ್ಲಿ ಕೈ ಬಿಗಿ ಹಿಡಿಯದ ಒಂದೇ ವಸ್ತು ಮೈಕ್. ಪ್ಲಾಟ್‌ಫಾರ್ಮ್ ಸೇವೆಗಳ (ಕೇಬಲ್‌ನವರೇ ನಡೆಸುವ ನಮ್ಮಂಥ ಚಾನೆಲ್‌ಗಳ) ಕುರಿತು 2022ರ ನವೆಂಬರಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಚಾನೆಲ್ ಒಂದಕ್ಕೆ ಸಾವಿರ ರೂಪಾಯಿ ನೋಂದಣಿ ಶುಲ್ಕ. ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿ ನೋಂದಾಯಿಸಿಕೊಂಡಿರಬೇಕು. ನಮ್ಮ ಪರದೆಯ ಮೇಲೆ ಈಗ ಆ ಸೇವೆಯ ಹೆಸರಿನ ಗುರುತೂ ಇದೆ. ಅದೇನೆಂದು ಯಾರೂ ಕೇಳಿಲ್ಲ.

2025ರ ಜುಲೈ 14ರಂದು ಹಿನ್ನೀರಿನ ಮೇಲಿನ ಸೇತುವೆ ಸಂಚಾರಕ್ಕೆ ತೆರೆಯಿತು. ಆ ರಾತ್ರಿ ಲಾಂಚ್‌ನ ಸಾಲನ್ನು ಪರದೆಯಿಂದ ತೆಗೆದು ಆ ಜಾಗಕ್ಕೆ ಮಳೆಮಾಪಕವಿರುವ ಹನ್ನೆರಡನೆಯ ಊರನ್ನು ಸೇರಿಸಿದೆವು. ಎರಡು ದಿನ ಬಿಟ್ಟು ಹಿನ್ನೀರಿನ ಆಚೆಯ ಅಮ್ಮನೊಬ್ಬರು ಫೋನ್ ಮಾಡಿ, 'ಲಾಂಚಿಂದು ಯಾಕೆ ತೆಗೆದ್ರಿ?' ಎಂದು ಕೇಳಿದರು. ಸೇತುವೆ ಆಯಿತಲ್ಲ ಅಮ್ಮಾ ಎಂದೆ. 'ಅದು ಗೊತ್ತುಂಟು. ದಿನಾ ನೋಡ್ತಿದ್ದೆ, ಅದಕ್ಕೆ ಕೇಳ್ದೆ' ಎಂದು, ನಮ್ಮ ಕಡೆ ನಿನ್ನೆ ಐದು ಇಂಚು ಹೊಡೆದಿದೆ, ನೀವು ಮೂರು ಹಾಕಿದ್ದೀರಿ ಎಂದು ಜಗಳಕ್ಕೆ ನಿಂತರು. ಚೀಟಿ ತೆಗೆದು ನೋಡಿದೆ. ಮೂರು ಎಂದೇ ಇತ್ತು. ಆದರೆ ಅದು ಬಂದದ್ದು ಅವರ ಮನೆಯಿಂದ ಆರು ಕಿಲೋಮೀಟರ್ ಈಚೆಯ ತೋಟದಿಂದ. ಅವರಿಗೊಂದು ಮಳೆಮಾಪಕ ಕಳಿಸಲು ನಮ್ಮ ಹುಡುಗನಿಗೆ ಹೇಳಿದ್ದೇನೆ.