ಅಡಿಕೆ ಸಸಿ, ಬಾಳೆಗಿಡ ಮತ್ತು ನನ್ನ ಫುಟಿ ತಂಡ

2018ರ ಅಕ್ಟೋಬರಿನಲ್ಲಿ ನಾನು ಸ್ಕಾಟ್ ಪೆಂಡಲ್‌ಬರಿಯನ್ನು ಮಾರಿದೆ. ಫುಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುವ ಕಾಲಿಂಗ್‌ವುಡ್ ಕ್ಲಬ್ಬಿನ ನಾಯಕ, ಮೂವತ್ತೊಂದಕ್ಕೆ ಮೂರೇ ತಿಂಗಳು ಬಾಕಿ. ವಯಸ್ಸಾಯ್ತು, ಬೆಲೆ ಇದ್ದಾಗಲೇ ಕೊಟ್ಟುಬಿಡೋಣ ಅಂತ ನನ್ನ ಲೆಕ್ಕ. ಆತ 2024ರಲ್ಲಿ ನಾನೂರನೇ ಪಂದ್ಯ ಆಡಿದ, 2025ರಲ್ಲೂ ಆಡಿದ. ತಂಡ ಕಟ್ಟುವುದರ ಬಗ್ಗೆ ನನಗೆ ಇವತ್ತು ಗೊತ್ತಿರುವುದರಲ್ಲಿ ಅರ್ಧದಷ್ಟನ್ನು ಆ ಒಂದು ತಪ್ಪು ಕಲಿಸಿತು.

ಮಾರಿದ್ದು ಅಂದರೆ ನಮ್ಮ ಲೀಗಿನ ಲೆಕ್ಕದಲ್ಲಿ. ನಾನಿರುವುದು ಮೆಲ್ಬರ್ನಿನ ಪಶ್ಚಿಮದ ಟಾರ್ನೀಟ್‌ನಲ್ಲಿ, ಕೆಲಸ ಪಕ್ಕದ ಟ್ರುಗನೀನಾದ ಒಂದು ಗೋದಾಮಿನಲ್ಲಿ. ಅಲ್ಲಿ ಹತ್ತು ಜನ ಸೇರಿ ವರ್ಷಗಳಿಂದ ಒಂದು ಫ್ಯಾಂಟಸಿ ಲೀಗ್ ನಡೆಸುತ್ತಿದ್ದರು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲಿನ ದೊಡ್ಡ ಪಂದ್ಯಾವಳಿ ಎಎಫ್ಎಲ್. ಅದರಲ್ಲಿ 18 ಕ್ಲಬ್ಬುಗಳು. ಆ ಕ್ಲಬ್ಬುಗಳ ನಿಜ ಆಟಗಾರರನ್ನೇ ನಾವು ಹಂಚಿಕೊಳ್ಳುತ್ತೇವೆ, ಒಬ್ಬೊಬ್ಬರಿಗೆ 30 ಜನ. ಒಬ್ಬ ಆಟಗಾರ ಒಂದೇ ತಂಡದಲ್ಲಿರಲು ಸಾಧ್ಯ. ವಾರಾಂತ್ಯದಲ್ಲಿ ಅವರು ಮೈದಾನದಲ್ಲಿ ಮಾಡಿದ್ದು ನಮಗೆ ಅಂಕ: ಕಿಕ್‌ಗೆ 3, ಹ್ಯಾಂಡ್‌ಬಾಲ್‌ಗೆ (ಮುಷ್ಟಿಯಿಂದ ಹೊಡೆದು ದಾಟಿಸುವುದು) 2, ಮಾರ್ಕ್‌ಗೆ (ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು) 3, ಟ್ಯಾಕಲ್‌ಗೆ (ಚೆಂಡು ಹಿಡಿದವನನ್ನು ತಡೆದು ಹಿಡಿಯುವುದು) 4, ಗೋಲಿಗೆ 6. ವರ್ಷ ಮುಗಿದರೆ ಆಟ ಮುಗಿಯುವುದಿಲ್ಲ. ಐದು ಜನರನ್ನು ಬಿಟ್ಟು ಉಳಿದವರನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಕು. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ನವೆಂಬರಿನ ಎಎಫ್ಎಲ್ ಡ್ರಾಫ್ಟಿನಲ್ಲಿ ಹೊಸದಾಗಿ ಬರುವ ಹದಿನೆಂಟರ ಹುಡುಗರನ್ನು ಫೆಬ್ರವರಿಯಲ್ಲಿ ನಾವು ಸರದಿಯಂತೆ ಆರಿಸಿಕೊಳ್ಳುತ್ತೇವೆ. ಕೊನೆಯ ಸ್ಥಾನದವನಿಗೆ ಮೊದಲ ಸರದಿ.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಅಲ್ಲಿ ದುಡ್ಡು ಮಾತಾಡುತ್ತದೆ. ಇಲ್ಲಿ ಸೋತವನಿಗೆ ಮೊದಲ ಮಣೆ. ಎಎಫ್ಎಲ್ 1986ರಿಂದ ಹೀಗೆಯೇ ನಡೆಸಿಕೊಂಡು ಬಂದಿದೆ. ಹಾಗಾಗಿ ಇಲ್ಲಿ ಹಣಕ್ಕಿಂತ ವರ್ಷಗಳ ಲೆಕ್ಕ ದೊಡ್ಡದು: ಯಾರಿಗೆ ಎಷ್ಟು ಕಾಯಬಹುದು, ಯಾರಿಗೆ ಕಾಯಲು ಆಗುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಪರ್ತ್‌ಗೆ ಹೊರಟುಹೋದ ಒಬ್ಬ ಸಹೋದ್ಯೋಗಿಯ ತಂಡ. ಬಹುಪಾಲು ಮೂವತ್ತರ ಆಸುಪಾಸಿನವರು. ಮೊದಲ ವರ್ಷ ಕೊನೆಯ ಸ್ಥಾನ. 'ಪೂರ್ತಿ ಕಿತ್ತು ಹೊಸದಾಗಿ ನೆಡೋಣ' ಅಂತ ಹಟ ಹುಟ್ಟಿತು. ಅದಕ್ಕೆ ಸ್ಫೂರ್ತಿ ಹಾಥಾರ್ನ್ ಕ್ಲಬ್. 2004ರ ಒಂದೇ ಡ್ರಾಫ್ಟಿನಲ್ಲಿ ಅವರು ಎರಡನೇ ಪಿಕ್‌ನಲ್ಲಿ (ಆರಿಸುವ ಸರದಿಯಲ್ಲಿ) ಜಾರಿಡ್ ರಫ್‌ಹೆಡ್, ಐದರಲ್ಲಿ ಲ್ಯಾನ್ಸ್ ಫ್ರಾಂಕ್ಲಿನ್, ಏಳರಲ್ಲಿ ಜೋರ್ಡಾನ್ ಲೂಯಿಸ್‌ರನ್ನು ತೆಗೆದುಕೊಂಡರು. 2008ರಲ್ಲಿ ಕಪ್ ಗೆದ್ದರು. ನಡುವೆ ನಾಲ್ಕು ವರ್ಷ ಇತ್ತು ಎಂಬುದನ್ನು ನಾನು ಓದಿದ್ದೆ, ಆದರೆ ಮನಸ್ಸಿಗೆ ತಂದುಕೊಂಡಿರಲಿಲ್ಲ.

ಪೆಂಡಲ್‌ಬರಿಗೆ ಒಂದು ಮೊದಲ ಸುತ್ತಿನ ಪಿಕ್ ಸಿಕ್ಕಿತು, ಇನ್ನೊಬ್ಬ ಹಿರಿಯನಿಗೆ ಮತ್ತೊಂದು. 2019ರ ಫೆಬ್ರವರಿಯಲ್ಲಿ ನನ್ನ ಕೈಯಲ್ಲಿ 1, 4 ಮತ್ತು 8. ಒಂದನೆಯದಕ್ಕೆ ಯೋಚಿಸುವ ಅಗತ್ಯವೇ ಇರಲಿಲ್ಲ: ಸ್ಯಾಮ್ ವಾಲ್ಷ್. ಕಾರ್ಲ್‌ಟನ್ ಕೂಡ ಆತನನ್ನೇ ಮೊದಲು ಆರಿಸಿತ್ತು, ಅತ್ಯುತ್ತಮ ಯುವ ಆಟಗಾರನಿಗೆ ಕೊಡುವ ಆ ವರ್ಷದ ರೈಸಿಂಗ್ ಸ್ಟಾರ್ ಪ್ರಶಸ್ತಿಯೂ ಆತನಿಗೇ ಬಂತು. ನಾಲ್ಕಕ್ಕೆ ಮ್ಯಾಕ್ಸ್ ಕಿಂಗ್‌ನನ್ನು ಕರೆದೆ. ಸೇಂಟ್ ಕಿಲ್ಡಾ ಆತನನ್ನು ನಾಲ್ಕನೆಯವನಾಗಿ ತೆಗೆದುಕೊಂಡಿದೆಯಲ್ಲ, ನನಗೂ ನಾಲ್ಕನೇ ಸರದಿ, ಸರಿಹೋಯಿತು ಅಂದುಕೊಂಡೆ. ಎಂಟಕ್ಕೆ ಬೇಲಿ ಸ್ಮಿತ್. ನನ್ನ ಹಿಂದೆಯೇ ಇದ್ದವನು ಝ್ಯಾಕ್ ಬಟರ್ಸ್‌ನನ್ನು ಎತ್ತಿಕೊಂಡ.

ಕಿಂಗ್ ವಿಷಯದಲ್ಲಿ ತಪ್ಪು ಆತನದಲ್ಲ, ಎಲ್ಲವೂ ನನ್ನದು. ಎತ್ತರದ ಫಾರ್ವರ್ಡ್ ಆಟಗಾರ ನಿಜವಾದ ಕ್ಲಬ್ಬಿಗೆ ಚಿನ್ನ. ಚೆಂಡನ್ನು ಗಾಳಿಯಲ್ಲೇ ಹಿಡಿದು ಗೋಲು ಒದೆಯುವ ಆಳು ಎಲ್ಲೆಂದರಲ್ಲಿ ಸಿಗುವುದಿಲ್ಲ. ಆದರೆ ನಮ್ಮ ಅಂಕದ ಪಟ್ಟಿ ನೋಡಿ: ಪಂದ್ಯಕ್ಕೆ ಹತ್ತು ಬಾರಿ ಚೆಂಡು ಮುಟ್ಟಿ ಮೂರು ಗೋಲು ಹೊಡೆದವನಿಗಿಂತ, ಮೂವತ್ತು ಬಾರಿ ಮುಟ್ಟಿ ಗೋಲೇ ಹೊಡೆಯದ ಮಿಡ್‌ಫೀಲ್ಡರ್‌ಗೆ ಅಂಕ ಹೆಚ್ಚು. ಎಎಫ್ಎಲ್ ಡ್ರಾಫ್ಟಿನ ಕ್ರಮ ಅವರ ಅಗತ್ಯದ ಕ್ರಮ. ಅದನ್ನು ನನ್ನ ಕ್ರಮ ಎಂದು ಓದಿದ್ದೇ ತಪ್ಪು. ಮೇಲಾಗಿ ಕಿಂಗ್ 2018ರಲ್ಲೇ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ, 2019ರಲ್ಲಿ ಹಿರಿಯರ ತಂಡದಲ್ಲಿ ಆಡಲೇ ಇಲ್ಲ.

ಆ ವರ್ಷ ನನ್ನ 30ರಲ್ಲಿ 14 ಜನ ಇಪ್ಪತ್ತೊಂದು ದಾಟದವರು. ಹುಡುಗರನ್ನು ಕ್ಲಬ್ಬಿನವರು ಎರಡು ವಾರ ಆಡಿಸುತ್ತಾರೆ, ಮೂರನೇ ವಾರ ಕೆಳಗಿನ ದರ್ಜೆಗೆ ಕಳಿಸುತ್ತಾರೆ. ಗುರುವಾರ ಸಂಜೆ ತಂಡಗಳ ಪಟ್ಟಿ ಬಂದಾಗ ವಾರದ ಅಂಕಕ್ಕೆ ಬೇಕಾದಷ್ಟು, ಅಂದರೆ ಆಡುವ ಹದಿನೆಂಟು ಜನರೇ ನನ್ನಲ್ಲಿ ಇರುತ್ತಿರಲಿಲ್ಲ. ಸತತ ಏಳು ಸೋಲು. ಜುಲೈ ಹೊತ್ತಿಗೆ ತಡೆಯಲಾಗದೆ, ವಾರವಾರ ಒಂದಿಷ್ಟು ಅಂಕ ತರುವ 29 ವರ್ಷದ ಒಬ್ಬನಿಗಾಗಿ ಬೇಲಿ ಸ್ಮಿತ್‌ನನ್ನು ಕೊಟ್ಟುಬಿಟ್ಟೆ. ಎರಡು ವರ್ಷದ ನಂತರ, 2021ರ ಪ್ರಿಲಿಮಿನರಿ ಫೈನಲ್‌ನಲ್ಲಿ (ಕೊನೆಯ ಫೈನಲ್‌ಗೆ ಹಿಂದಿನ ಪಂದ್ಯ) ಸ್ಮಿತ್ ನಾಲ್ಕು ಗೋಲು ಹೊಡೆದದ್ದನ್ನು ಟಿವಿಯಲ್ಲಿ ನೋಡಿದೆ. ಆ ಹೊತ್ತಿಗೆ ನಾನು ಕೊಂಡಿದ್ದವನು ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಆ ಜುಲೈಯಲ್ಲೇ ಒಂದು ಭಾನುವಾರ ಊರಿಗೆ ಫೋನ್ ಮಾಡಿದ್ದೆ. ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಹೊಸ ಸಸಿ ಇಟ್ಟ ಜಾಗದ ಬಗ್ಗೆ ಅಪ್ಪಯ್ಯ ಹೇಳುತ್ತಿದ್ದರು. ನಡುನಡುವೆ ಬಾಳೆ ಹಾಕಿಸಿದ್ದರಂತೆ. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆಯೇ, ಸುಮ್ಮನೆ ಕೇಳಿದೆ, ಬರೀ ಅಡಿಕೆ ಇಟ್ಟಿದ್ದರೆ ಆಗುತ್ತಿರಲಿಲ್ಲವಾ ಅಂತ. "ಬಾಳೆ ಇಲ್ದೆ ಇಟ್ರೆ ಬಿಸಿಲಿಗೆ ಸಸಿ ಸುಟ್ಟೇ ಹೋಗ್ತಾವೆ ಮಾರಾಯ. ಉಳಿದ್ರೂ ಫಸಲಿಗೆ ಐದಾರು ವರ್ಷ. ಅಲ್ಲೀವರೆಗೆ ಮನೆ ಖರ್ಚಿಗೆ ಏನು?" ಎಂದರು. ಫೋನ್ ಇಟ್ಟ ಮೇಲೆ ನನ್ನ ಪಟ್ಟಿ ತೆಗೆದು ನೋಡಿದೆ. ಒಂದೇ ಒಂದು ಬಾಳೆಗಿಡ ಇರಲಿಲ್ಲ. ಇದ್ದದ್ದನ್ನೆಲ್ಲ ನಾನೇ ಕಡಿದು ಮಾರಿದ್ದೆ. ಹಿರಿಯರು ತರುವ ಅಂಕ ಗೆಲುವಿಗಷ್ಟೇ ಅಲ್ಲ. ಸೋಲಿನ ಬಿಸಿಲಿಗೆ ಕಂಗೆಟ್ಟು ಸಸಿಯನ್ನು ಮಾರುವ ಬುದ್ಧಿ ಬಾರದಿರಲಿ ಅಂತಲೂ ಅವರು ಬೇಕು.

ಅಲ್ಲಿಂದ ದಾರಿ ಬದಲಾಯಿತು. 2019ರ ಕೊನೆಗೆ ಪೋರ್ಟ್ ಅಡಿಲೇಡ್‌ನ ಟ್ರಾವಿಸ್ ಬೋಕ್‌ನನ್ನು ಕೊಂಡೆ. ವಯಸ್ಸು 31, ಹಾಗಾಗಿ ಒಂದು ಎರಡನೇ ಸುತ್ತಿನ ಪಿಕ್‌ಗೆ ಬಂದ. ಈ ಸಲ ಹುಟ್ಟಿದ ವರ್ಷಕ್ಕಿಂತ ಆಟದ ರೀತಿ ನೋಡಿದ್ದೆ. ವೇಗದ ಮೇಲೆ ನಿಂತ ಆಟಗಾರ ಮೂವತ್ತಕ್ಕೆ ಕುಸಿಯುತ್ತಾನೆ. ಚೆಂಡು ಎಲ್ಲಿ ಬೀಳುತ್ತದೆಂದು ಓದಬಲ್ಲವನು, ದಿನವಿಡೀ ಓಡಬಲ್ಲವನು ಅಷ್ಟು ಬೇಗ ಕುಸಿಯುವುದಿಲ್ಲ. ಪೆಂಡಲ್‌ಬರಿ ಅಂಥವನೇ ಆಗಿದ್ದ, ನನಗೆ ಕಂಡಿರಲಿಲ್ಲ. ವರ್ಷದ ಅತ್ಯುತ್ತಮ ಆಟಗಾರನನ್ನು ಅಂಪೈರ್‌ಗಳ ಮತದಿಂದ ಆರಿಸುವ ಬ್ರೌನ್‌ಲೋ ಪದಕದ 2020ರ ಎಣಿಕೆಯಲ್ಲಿ ಬೋಕ್ ಎರಡನೇ ಸ್ಥಾನಕ್ಕೆ ಬಂದ.

2020ರ ಫೆಬ್ರವರಿಯಲ್ಲಿ ನನಗೆ ಎರಡನೇ ಸರದಿ, ನೋವಾ ಆಂಡರ್ಸನ್ ಬಂದ. ಮೊದಲ ಸರದಿಯವನು ಮ್ಯಾಟ್ ರೋವೆಲ್‌ನನ್ನು ತೆಗೆದುಕೊಂಡ. ಇಬ್ಬರೂ ಒಂದೇ ಶಾಲೆಯ ಗೆಳೆಯರು, ಒಟ್ಟಿಗೆ ಓಕ್ಲೀ ಚಾರ್ಜರ್ಸ್ ಎಂಬ ಕಿರಿಯರ ತಂಡಕ್ಕೆ ಆಡಿದವರು, ಗೋಲ್ಡ್ ಕೋಸ್ಟ್ ಕ್ಲಬ್ಬಿಗೆ ಒಂದು ಮತ್ತು ಎರಡನೇ ಪಿಕ್ ಆಗಿ ಹೋದವರು. ಮಾರ್ಚಿನಲ್ಲಿ ಒಂದು ಸುತ್ತು ಮುಗಿಯುತ್ತಲೇ ಕೋವಿಡ್‌ನಿಂದ ಎಲ್ಲ ನಿಂತು, ಜೂನ್ 11ಕ್ಕೆ ಮತ್ತೆ ಶುರುವಾಯಿತು. ಆಗ ಈ ಹದಿನೆಂಟರ ರೋವೆಲ್ ಎರಡರಿಂದ ನಾಲ್ಕನೇ ಸುತ್ತಿನ ಮೂರೂ ಪಂದ್ಯಗಳಲ್ಲಿ ಪಂದ್ಯದ ಅತ್ಯುತ್ತಮ ಆಟಗಾರನಿಗೆ ಸಿಗುವ ಬ್ರೌನ್‌ಲೋದ ಪೂರ್ತಿ ಮೂರು ಮೂರು ಮತ ಪಡೆದ. ಐದನೇ ಸುತ್ತಿನಲ್ಲಿ ಭುಜ ಕಳಚಿತು, ವರ್ಷ ಮುಗಿಯಿತು. ಮುಂದಿನ ವರ್ಷದ ಮೊದಲ ಪಂದ್ಯದಲ್ಲೇ ಮೊಣಕಾಲು.

2021ರ ಮೇ ತಿಂಗಳಲ್ಲಿ, ರೋವೆಲ್ ಇನ್ನೂ ಹೊರಗಿದ್ದಾಗ, ಊಟದ ವಿರಾಮದಲ್ಲಿ ಅವನ ಮಾಲೀಕನ ಪಕ್ಕ ಕೂತೆ. ಆತ ಬೇಸತ್ತಿದ್ದ. ಪ್ರಶಸ್ತಿಗೆ ಹತ್ತಿರವಿದ್ದ ತಂಡ, ಒಂದು ಜಾಗ ವ್ಯರ್ಥವಾಗುತ್ತಿದೆ ಅನ್ನುವ ಕಿರಿಕಿರಿ. ಚೆನ್ನಾಗಿ ಆಡುತ್ತಿದ್ದ 26ರ ಒಬ್ಬ ಡಿಫೆಂಡರ್ ಮತ್ತು ಒಂದು ಎರಡನೇ ಸುತ್ತಿನ ಪಿಕ್ ಕೊಡುತ್ತೇನೆಂದೆ. ಎರಡು ದಿನದಲ್ಲಿ ಒಪ್ಪಿದ. ನನ್ನ ಇಡೀ ವಿಧಾನ ಇದರ ಮೇಲೆಯೇ ನಿಂತಿದೆ: ಡ್ರಾಫ್ಟಿನ ದಿನ ಹೊಸ ಹುಡುಗನಿಗೆ ಬೆಲೆ ವಿಪರೀತ, ಏಕೆಂದರೆ ಆತ ಇನ್ನೂ ಯಾರನ್ನೂ ನಿರಾಸೆ ಮಾಡಿಲ್ಲ. ಎರಡನೇ ಅಥವಾ ಮೂರನೇ ವರ್ಷ ಗಾಯವೋ, ಕೆಳದರ್ಜೆಯೋ, ಹೊಸ ಜಾಗದಲ್ಲಿ ಆಡಿಸಿದ್ದೋ ಏನಾದರೂ ಒಂದು ಬರುತ್ತದೆ. ಪ್ರತಿಭೆ ಅಲ್ಲೇ ಇರುತ್ತದೆ, ಮಾಲೀಕನ ತಾಳ್ಮೆ ತೀರಿರುತ್ತದೆ. ನಾನು ಆಗ ಹೋಗಿ ಕೇಳುತ್ತೇನೆ. ಗಾಯದ ಸ್ವರೂಪವನ್ನು ಮಾತ್ರ ನೋಡಿಯೇ ನೋಡುತ್ತೇನೆ. ಒಮ್ಮೆ ಆದ ಭುಜ, ಒಮ್ಮೆ ಆದ ಮೊಣಕಾಲು ನನಗೆ ಪರವಾಗಿಲ್ಲ. ವರ್ಷಕ್ಕೆ ಮೂರು ಸಲ ತೊಡೆಯ ಹಿಂಬದಿ ಸ್ನಾಯು ಹಿಡಿಯುವವನ ಹತ್ತಿರ ಹೋಗುವುದಿಲ್ಲ.

ರಕ್‌ಮನ್‌ಗಳಿಗೂ ಇದೇ. ಚೆಂಡನ್ನು ನಡುವೆ ಎಸೆದಾಗ ಹಾರಿ ತಟ್ಟುವ ಆ ಎರಡು ಮೀಟರ್ ಆಳುಗಳು ಹದಿನೆಂಟಕ್ಕೆ ಮೈ ತುಂಬಿಕೊಂಡಿರುವುದಿಲ್ಲ. ಮ್ಯಾಕ್ಸ್ ಗಾನ್ 2009ರಲ್ಲಿ 34ನೇ ಪಿಕ್, ಮೊದಲ ಸಲ ಆಲ್ ಆಸ್ಟ್ರೇಲಿಯನ್ ತಂಡ (ವರ್ಷದ ಅತ್ಯುತ್ತಮರ ಗೌರವ ಪಟ್ಟಿ) ಸೇರಿದ್ದು 2016ರಲ್ಲಿ. ಹಾಗಾಗಿ ರಕ್‌ಮನ್‌ನನ್ನು ನಾನು ಡ್ರಾಫ್ಟ್ ಮಾಡುವುದೇ ಇಲ್ಲ, ಇಪ್ಪತ್ತಮೂರಕ್ಕೆ ಕೊಳ್ಳುತ್ತೇನೆ. ವೆಸ್ಟರ್ನ್ ಬುಲ್‌ಡಾಗ್ಸ್‌ನ ಟಿಮ್ ಇಂಗ್ಲಿಷ್ ಸಿಕ್ಕಿದ್ದು ಹಾಗೆ, 2020ರ ಕೊನೆಗೆ. ಆ ವರ್ಷ ಪಂದ್ಯದ ನಾಲ್ಕು ಭಾಗಗಳಾದ ಕ್ವಾರ್ಟರ್‌ಗಳನ್ನು 20 ನಿಮಿಷದಿಂದ 16ಕ್ಕೆ ಇಳಿಸಿದ್ದರು. ಎಲ್ಲರ ಅಂಕವೂ ಇಳಿದಿತ್ತು, ಆದರೆ ನಮ್ಮ ಲೀಗಿನಲ್ಲಿ ಹಲವರು ಹಿಂದಿನ ವರ್ಷದ ಅಂಕದ ಪಕ್ಕದಲ್ಲಿಟ್ಟು ನೋಡಿ 'ಹುಡುಗ ಬೆಳೆಯಲಿಲ್ಲ' ಅಂದುಕೊಂಡರು. ನಾನು ನನ್ನ ಶೀಟಿನಲ್ಲಿ ಎಲ್ಲವನ್ನೂ 1.25ರಿಂದ ಗುಣಿಸಿ ಇಟ್ಟಿದ್ದೆ. ಇಂಗ್ಲಿಷ್ 2023ರಲ್ಲಿ ಆಲ್ ಆಸ್ಟ್ರೇಲಿಯನ್ ಆದ.

ಡ್ರಾಫ್ಟ್‌ನ ಸಂಖ್ಯೆಯ ಬಗ್ಗೆ ಇನ್ನೊಂದು ಮಾತು. ಕೆಲವು ಹುಡುಗರು ಮೊದಲೇ ಒಂದು ಕ್ಲಬ್ಬಿಗೆ ನಿಶ್ಚಯವಾಗಿರುತ್ತಾರೆ: ಅದೇ ಕ್ಲಬ್ಬಿಗೆ ನೂರು ಪಂದ್ಯ ಆಡಿದವರ ಮಕ್ಕಳು, ಮತ್ತು ಸಿಡ್ನಿ, ಬ್ರಿಸ್ಬೇನ್‌ನಂಥ ಉತ್ತರದ ನಾಲ್ಕು ಕ್ಲಬ್ಬುಗಳ ಅಕಾಡೆಮಿಗಳಲ್ಲಿ ಬೆಳೆದವರು. ಬೇರೆ ಕ್ಲಬ್ ಅಂಥವನ ಹೆಸರು ಹೇಳಿದರೆ, ಆ ಪಿಕ್‌ಗೆ ಇರುವ ಅಂಕದ ಬೆಲೆಯನ್ನು ತನ್ನ ಪಿಕ್‌ಗಳಿಂದ ತೆತ್ತು ಸ್ವಂತ ಕ್ಲಬ್ ಆತನನ್ನು ಉಳಿಸಿಕೊಳ್ಳುತ್ತದೆ. ಹೇಗೂ ಸಿಗುವುದಿಲ್ಲ ಅಂತ ಗೊತ್ತಿದ್ದಾಗ ಬೇರೆಯವರು ಎಷ್ಟೋ ಸಲ ಬೇಗ ಹೆಸರು ಹೇಳುವುದಿಲ್ಲ. ಹಾಗಾಗಿ ಇಂಥವರ ಪಿಕ್ ಸಂಖ್ಯೆ ಅವರ ಯೋಗ್ಯತೆಯ ಅಳತೆ ಅಲ್ಲ. ಸಿಡ್ನಿ ಅಕಾಡೆಮಿಯ ಎರಲ್ ಗುಲ್ಡನ್ 2020ರಲ್ಲಿ 32ನೇ ಪಿಕ್. ಆ ವರ್ಷ ವಿಕ್ಟೋರಿಯಾದ 18ರೊಳಗಿನವರ ಪಂದ್ಯಾವಳಿಯೇ ರದ್ದಾಗಿತ್ತು, ಎಲ್ಲರೂ ಹಳೆಯ ಆಟ ನೆನೆದು ಆರಿಸುತ್ತಿದ್ದರು. ನನ್ನ ಲೀಗಿನಲ್ಲಿ ಗುಲ್ಡನ್ ಮೂರನೇ ಸುತ್ತಿಗೆ ಉಳಿದಿದ್ದ. ಮೊದಲ ಪಂದ್ಯದಲ್ಲೇ ಬ್ರಿಸ್ಬೇನ್ ವಿರುದ್ಧ ಮೂರು ಗೋಲು. 2023ರಲ್ಲಿ ಆತನೂ ಆಲ್ ಆಸ್ಟ್ರೇಲಿಯನ್.

ನಿಕ್ ಡೇಕೋಸ್‌ಗಾಗಿ ನಾನು ಒಂದು ವರ್ಷ ಮೊದಲೇ ಸಿದ್ಧತೆ ಶುರುಮಾಡಿದೆ. ತಂದೆ ಪೀಟರ್ ಡೇಕೋಸ್ ಕಾಲಿಂಗ್‌ವುಡ್‌ಗೆ 250 ಪಂದ್ಯ ಆಡಿದವರು, ಮಗ ಎಲ್ಲಿಗೆ ಹೋಗುತ್ತಾನೆಂದು ಊರಿಗೆಲ್ಲ ಗೊತ್ತು. 2021ರ ಜೂನಿನಲ್ಲಿ ಬೋಕ್‌ಗೆ 32, ಇನ್ನೂ ಭರ್ತಿ ಅಂಕ ತರುತ್ತಿದ್ದ. ಆತನನ್ನು ಕಪ್ಪಿಗಾಗಿ ಹಾತೊರೆಯುತ್ತಿದ್ದ ನಮ್ಮ ಲೀಗಿನ ಒಬ್ಬನಿಗೆ ಕೊಟ್ಟು, ಅವನ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ತೆಗೆದುಕೊಂಡೆ. ಗೊನೆ ಕೊಟ್ಟ ಬಾಳೆಯನ್ನು ಕಡಿಯಲೇಬೇಕಲ್ಲ. ಬೋಕ್‌ನನ್ನು ಕೊಂಡವನ ತಂಡ ಆಗಸ್ಟಿನಲ್ಲಿ ಗಾಯಗಳಿಗೆ ಸಿಕ್ಕಿ ಎಂಟನೇ ಸ್ಥಾನಕ್ಕೆ ಜಾರಿತು, ನನಗೆ ಮೂರನೇ ಸರದಿ ಬಂತು. ಅದರ ಜೊತೆಗೆ ನನ್ನ ಐದನೇ ಸರದಿಯನ್ನೂ ಸೇರಿಸಿ ಮೊದಲನೆಯದನ್ನು ಕೊಂಡೆ. ಎರಡು ಕೊಟ್ಟು ಒಂದು ಪಡೆಯುವುದು ಹುಚ್ಚು ಅಂದವರಿದ್ದರು. ಆದರೆ ವಾರಕ್ಕೆ ಹದಿನೆಂಟು ಜನರ ಅಂಕ ಮಾತ್ರ ಲೆಕ್ಕಕ್ಕೆ ಬರುವಾಗ, ಇಬ್ಬರು ಒಳ್ಳೆಯವರಿಗಿಂತ ಒಬ್ಬ ಅಸಾಮಾನ್ಯನಿಗೆ ಬೆಲೆ ಹೆಚ್ಚು. ಎಎಫ್ಎಲ್ ನಿಕ್ ಡೇಕೋಸ್‌ನನ್ನು ನಾಲ್ಕನೇ ಪಿಕ್ ಎಂದು ಬರೆದುಕೊಂಡಿತು, ನಾನು ಒಂದನೆಯವನೆಂದು. 2022ರ ರೈಸಿಂಗ್ ಸ್ಟಾರ್ ಆತನೇ.

2022ರಲ್ಲಿ ಸೆಮಿಫೈನಲ್‌ನಲ್ಲಿ ಸೋತೆ. 2023ರಲ್ಲಿ ಕಪ್ ಗೆದ್ದೆ, ನೆಟ್ಟ ಐದನೇ ವರ್ಷಕ್ಕೆ. ವಾಲ್ಷ್, ಆಂಡರ್ಸನ್, ಗುಲ್ಡನ್, ಡೇಕೋಸ್, ಇಂಗ್ಲಿಷ್ ಎಲ್ಲರೂ ಪಟ್ಟಿಯಲ್ಲಿದ್ದರು. ಜೊತೆಗೆ ಮೂವತ್ತು ದಾಟಿದ ಮೂವರು. ಆಮೇಲಿಂದ ನನ್ನ ಪಟ್ಟಿಯಲ್ಲಿ ಅಂಥವರು ಮೂವರಿಗಿಂತ ಕಡಿಮೆ ಆಗಿದ್ದೇ ಇಲ್ಲ.

ರೋವೆಲ್ ಮಾತ್ರ ಕಾಯಿಸಿದ. 2022, 2023ರಲ್ಲಿ ಟ್ಯಾಕಲ್‌ಗಳಿಂದಲೇ ಬದುಕಿದ. ಚೆಂಡು ಸಾಕಷ್ಟು ಸಿಗುತ್ತಿರಲಿಲ್ಲ. ಕೊಡ್ತೀಯಾ ಅಂತ ಪ್ರತಿ ಅಕ್ಟೋಬರಿನಲ್ಲೂ ಯಾರಾದರೊಬ್ಬರು ಕೇಳುತ್ತಿದ್ದರು. ಕೊಡಲಿಲ್ಲ. 2025ರಲ್ಲಿ ಆಂಡರ್ಸನ್ ಗೋಲ್ಡ್ ಕೋಸ್ಟ್‌ನ ನಾಯಕನಾದ, ಆ ಕ್ಲಬ್ ಮೊದಲ ಬಾರಿಗೆ ಫೈನಲ್ಸ್ ಹಂತ (ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತ) ತಲುಪಿತು. ಸೆಪ್ಟೆಂಬರಿನ ಬ್ರೌನ್‌ಲೋ ರಾತ್ರಿ ರೋವೆಲ್‌ನ ಕೊರಳಿಗೆ ಪದಕ ಬಿತ್ತು.

ಸಮಾರಂಭ ಮುಗಿದು ಹತ್ತು ನಿಮಿಷಕ್ಕೆ ಫೋನ್ ಬಂತು, ಅಂದು ನನಗೆ ಆತನನ್ನು ಮಾರಿದ್ದ ಸಹೋದ್ಯೋಗಿಯಿಂದ. ಮೊದಲು ಅಭಿನಂದನೆ, ಆಮೇಲೆ ವ್ಯವಹಾರ: ಮುಂದಿನ ಎರಡು ವರ್ಷದ ನನ್ನ ಮೊದಲ ಸುತ್ತಿನ ಪಿಕ್‌ಗಳೂ ನಿನಗೇ, ರೋವೆಲ್ ನನಗೆ ವಾಪಸ್ ಬೇಕು. ರೋವೆಲ್‌ಗೆ ಆಗ 24. ಟ್ರೇಡ್ ಶುರುವಾಗುವ ದಿನ ಹೇಳುತ್ತೇನೆ ಅಂದು ಫೋನ್ ಇಟ್ಟು, ಶೀಟ್ ತೆರೆದು ಕೂತೆ.