ಕಳ್ಳ ಯಾರೆಂದು ಮೊದಲೇ ಹೇಳಿಬಿಟ್ಟೆ

ನನ್ನ 22 ನಿಮಿಷದ ಕಿರುಚಿತ್ರವನ್ನು ಮೊದಲ ಸಲ ತೋರಿಸಿದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರವಿರುವ ನಮ್ಮ ಮನೆಯ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ. ಒಂಬತ್ತನೆಯ ನಿಮಿಷಕ್ಕೆ ಇಬ್ಬರು ಎದ್ದು ಎಲೆಯಡಿಕೆ ತಟ್ಟೆಯ ಕಡೆಗೆ ನಡೆದರು. ಹದಿನೈದಕ್ಕೆ ಚಿಕ್ಕಮ್ಮ ಮೊಬೈಲ್ ತೆಗೆದರು.

ಕಥೆ ಇಷ್ಟು: ಅಟ್ಟದಲ್ಲಿಟ್ಟ ಸುಲಿದ ಅಡಿಕೆಯ ಗೋಣಿಗಳು ದಿನೇದಿನೇ ಹಗುರಾಗುತ್ತವೆ. ಎಲ್ಲರ ಅನುಮಾನ ತೋಟದ ಆಳಿನ ಮೇಲೆ. ಕದಿಯುತ್ತಿದ್ದವನು ಪೇಟೆಯಲ್ಲಿ ಓದಿ ಬಂದ ಮನೆಮಗನೆಂದು ಕೊನೆಯ ದೃಶ್ಯದಲ್ಲಿ ಗೊತ್ತಾಗುತ್ತದೆ. ಆ ಒಂದು ತಿರುವಿಗಾಗಿ ಇಪ್ಪತ್ತು ನಿಮಿಷ ಗುಟ್ಟು ಕಾಯ್ದಿದ್ದೆ. ತಿರುವು ಬಂದಾಗ ಜನ "ಓ, ಹಾಗೆಯಾ" ಎಂದು ಕುರ್ಚಿ ಮಡಚಿದರು.

ಚಿಕ್ಕಪ್ಪ ತಾಳಮದ್ದಳೆಯ ಅರ್ಥಧಾರಿ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ ಪಾತ್ರದ ಮಾತು, ಅಂದರೆ ಅರ್ಥ, ಹೇಳುವವರು. ತಾಂಬೂಲ ಮುಗಿಯುವವರೆಗೆ ಸುಮ್ಮನಿದ್ದು ಕೇಳಿದರು: "ಪಂಚವಟಿಯಲ್ಲಿ ಸನ್ಯಾಸಿ ಬಂದಾಗ ಅವನು ರಾವಣನೆಂದು ಗೊತ್ತಿಲ್ಲದವರು ಯಾರು? ಸೀತೆಯೊಬ್ಬಳು."

ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನದೆಂದು ಹೆಮ್ಮೆಪಡುವ ಪ್ರಸಂಗ ಅದು. ನೂರು ಸಲ ಆಟ ನೋಡಿದವರೂ ಸೀತೆ ಭಿಕ್ಷೆ ಹಿಡಿದು ಹೊರಬರುವಾಗ ಚಾಪೆಯ ಮೇಲೆ ನೆಟ್ಟಗೆ ಕೂರುತ್ತಾರೆ. ಆತಂಕ ಹುಟ್ಟಬೇಕಾದರೆ ಮೇಜಿನ ಕೆಳಗೆ ಬಾಂಬ್ ಇರುವುದು ಪ್ರೇಕ್ಷಕರಿಗೆ ಮೊದಲೇ ತಿಳಿದಿರಲಿ ಎಂದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದನ್ನು ಓದಿದ್ದೆ, ತಲೆಗೆ ಹತ್ತಿರಲಿಲ್ಲ. ಚಿಕ್ಕಪ್ಪನ ಸನ್ಯಾಸಿ ಹತ್ತಿದ.

ಆಗ 'ದೃಶ್ಯಂ' ನೆನಪಾಯಿತು. 2013ರ ಆ ಮಲಯಾಳಂ ಚಿತ್ರ ಮರುವರ್ಷ ಕನ್ನಡಕ್ಕೂ ಬಂತು. ಅದನ್ನು ಜನ ಪತ್ತೇದಾರಿ ಕಥೆ ಎನ್ನುತ್ತಾರೆ. ಆದರೆ ಕೊಲೆ ಹೇಗಾಯಿತು, ಯಾರ ಕೈಯಿಂದಾಯಿತು ಎಲ್ಲವೂ ನಮ್ಮ ಕಣ್ಣೆದುರೇ ನಡೆಯುತ್ತದೆ. ಪೊಲೀಸರಿಗಿಂತ ನಮಗೇ ಹೆಚ್ಚು ಗೊತ್ತು. ಅದಕ್ಕೇ ಅವರು ಮನೆಗೆ ಬಂದಾಗಲೆಲ್ಲ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ನಿರ್ದೇಶಕ ಜೀತು ಜೋಸೆಫ್ ನಮ್ಮಿಂದಲೂ ಕೊನೆಯವರೆಗೆ ಬಚ್ಚಿಟ್ಟದ್ದು ಒಂದೇ: ಹೆಣ ಎಲ್ಲಿದೆ ಎಂಬುದು. (ಇನ್ನೂ ನೋಡದವರಿಗಾಗಿ ನಾನೂ ಬಚ್ಚಿಡುತ್ತೇನೆ.)

ಹಳೆಯ ಮದುವೆ ಕಾಗದಗಳ ಹಿಂಬದಿಯಲ್ಲಿ ಒಂದೊಂದು ದೃಶ್ಯ ಬರೆದು ನೆಲದ ಮೇಲೆ ಹರವಿದೆ. ಮಗ ಸ್ಕೂಟರಿನಲ್ಲಿ ಅಡಿಕೆ ಸಾಗಿಸುವ ದೃಶ್ಯವನ್ನು ಇಪ್ಪತ್ತನೆಯ ನಿಮಿಷದಿಂದ ಕಿತ್ತು ಎರಡನೆಯ ನಿಮಿಷಕ್ಕೆ ತಂದೆ.

ಇದರಿಂದ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ನಡುವಿನಲ್ಲೊಂದು ಚಹಾದ ದೃಶ್ಯವಿತ್ತು. ಮಗ ಜಗಲಿಯಲ್ಲಿ ಆಳಿಗೆ ಚಹಾ ಬಗ್ಗಿಸಿ, "ಸಕ್ಕರೆ ಸಾಕಾ?" ಎಂದು ಕೇಳುತ್ತಾನೆ. ಜನ ಎದ್ದು ಹೋದದ್ದು ಅಲ್ಲಿಯೇ, ಕತ್ತರಿಸಬೇಕೆಂದಿದ್ದೆ. ಈಗ ಅದರ ಒಂದು ಚೌಕಟ್ಟನ್ನೂ ಮುಟ್ಟದೆ ಹಾಗೆಯೇ ಬಿಟ್ಟರೂ ನೋಡುವಾಗ ಗಂಟಲು ಕಟ್ಟುತ್ತಿತ್ತು. ಆ ಸಕ್ಕರೆ ಯಾರ ದುಡ್ಡಿನದು ಎಂದು ನೋಡುವವನಿಗೆ ಗೊತ್ತು.

ಆದರೆ ಕೊನೆ ಸಪ್ಪೆಯಾಯಿತು. ಗೊತ್ತಿರುವುದನ್ನೇ ಯಜಮಾನ ಮತ್ತೆ ಪತ್ತೆ ಹಚ್ಚುತ್ತಾನೆ, ಉದ್ದುದ್ದ ಮಾತಾಡುತ್ತಾನೆ. ಅಷ್ಟನ್ನೂ ತೆಗೆದೆ, ಚಿತ್ರ 16 ನಿಮಿಷಕ್ಕೆ ಇಳಿಯಿತು. ಬಚ್ಚಿಡಲು ಬೇರೇನಾದರೂ ಬೇಕಿತ್ತು. ಹುಡುಕಿದರೆ ಚಿತ್ರೀಕರಿಸಿದ್ದರಲ್ಲೇ ಇತ್ತು: ಮಗ ಗೋಣಿಯ ಬಾಯಿಗೆ ಶೂ ಲೇಸಿನಂತೆ ಗಂಟು ಹಾಕುತ್ತಾನೆ. ಆ ನಟನಿಗೆ ಬೇರೆ ಗಂಟು ಬರುತ್ತಿರಲಿಲ್ಲ, ಅಷ್ಟೇ. ಒಂದೇ ಒಂದು ಹೊಸ ಶಾಟ್ ತೆಗೆದು ಕೊನೆಗೆ ಇಟ್ಟೆ. ಅದು ಅಡಿಕೆ ಕಳವಾಗುತ್ತಿದೆ ಎಂದು ಮನೆಯವರಿಗೆ ತಿಳಿಯುವ ಮೊದಲಿನ, ಚಹಾಕ್ಕೂ ಮುಂಚಿನ ಮುಂಜಾನೆ. ಆಳು ಅಟ್ಟ ಹತ್ತುತ್ತಾನೆ, ಆ ಗಂಟನ್ನು ನೋಡುತ್ತಾನೆ, ಬಿಚ್ಚಿ ತನ್ನ ಗಂಟು ಹಾಕಿ ಇಳಿಯುತ್ತಾನೆ. ಅಂದರೆ ಚಹಾ ಕುಡಿಯುವಾಗ ಅವನಿಗೆ ಎಲ್ಲವೂ ಗೊತ್ತಿತ್ತು.

ಎರಡನೆಯ ಸಲ ಅದೇ ಪಂಚೆ, ಹೆಚ್ಚುಕಡಿಮೆ ಅದೇ ಜನ. ಮುಗಿದ ಮೇಲೆ ಚಿಕ್ಕಮ್ಮ, "ಆ ಚಹಾದ್ದನ್ನು ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. ಚಿಕ್ಕಪ್ಪನಿಗೆ ಮಾತ್ರ ತಕರಾರು ಉಳಿಯಿತು: ಆಳಿನ ಪಾತ್ರಕ್ಕೆ ಅರ್ಥ ಹೇಳಲು ಅವಕಾಶವೇ ಇಲ್ಲವಂತೆ.