ನೀರು ಬಿಡದ ತರಕಾರಿ ಚೀಸ್ ಆಮ್ಲೆಟ್

ಮಗಳು ಪಿಯುಸಿಗೆ ಸೇರಿದ ವರ್ಷ ನಾನು ಈ ಆಮ್ಲೆಟ್ ಶುರು ಮಾಡಿದೆ. ಬೆಳಗ್ಗೆ ಏಳೂವರೆಗೆ ಅವಳು ಮನೆ ಬಿಡಬೇಕು. ಡಿಸೆಂಬರ್‌ನಲ್ಲಿ ಹಾಸನದ ಚಳಿ ಗೊತ್ತಲ್ವಾ, ಬಿಸಿಬಿಸಿ ಏನಾದರೂ ಹೊಟ್ಟೆಗೆ ಬಿದ್ದರೇ ಸಮಾಧಾನ. ಆದರೆ ಮೊದಲ ದಿನ ತಟ್ಟೆಗೆ ಹಾಕಿದ ಕೂಡಲೇ ಆಮ್ಲೆಟ್ ನೀರು ಬಿಟ್ಟಿತು.

"ಅಮ್ಮ, ಒಳಗೆ ಇನ್ನೂ ಬೆಂದಿಲ್ಲ ಅನ್ಸುತ್ತೆ" ಅಂದಳು.

ಮೊಟ್ಟೆ ಬೆಂದಿತ್ತು. ಅದು ಟೊಮೆಟೊ, ಈರುಳ್ಳಿಯ ನೀರು. ನಾನು ತರಕಾರಿಯನ್ನೆಲ್ಲ ಹೆಚ್ಚಿ, ಮೊಟ್ಟೆಗೆ ಹಾಕಿ, ಉಪ್ಪು ಕದಡಿ ಇಟ್ಟು ಅವಳ ಡಬ್ಬಿ ಕಟ್ಟಲು ಹೋಗಿದ್ದೆ. ಉಪ್ಪು ಬಿದ್ದ ತರಕಾರಿ ಸುಮ್ನೆ ಇರುತ್ತದೆಯೇ? ಐದು ನಿಮಿಷದಲ್ಲಿ ನೀರು ಬಿಟ್ಟುಕೊಂಡಿತ್ತು.

ಈಗ ತರಕಾರಿಯನ್ನು ಮೊದಲೇ ಬಾಡಿಸುತ್ತೇನೆ. ದೋಸೆ ಕಾವಲಿಗೆ ಒಂದು ಚಮಚ ಎಣ್ಣೆ, ಒಂದು ಸಣ್ಣ ಈರುಳ್ಳಿ, ಅರ್ಧ ದಪ್ಪ ಮೆಣಸಿನಕಾಯಿ, ಒಂದು ಹಸಿಮೆಣಸಿನಕಾಯಿ. ಉರಿ ಜೋರಾಗಿಯೇ ಇರಲಿ, ಎರಡು ನಿಮಿಷ ಸಾಕು. ಟೊಮೆಟೊ ಹಾಕುವುದಾದರೆ ಒಳಗಿನ ಬೀಜ, ರಸ ತೆಗೆದು ತಿರುಳು ಮಾತ್ರ. ಆ ರಸ ಮಧ್ಯಾಹ್ನದ ಸಾರಿಗೆ ಹೋಗುತ್ತದೆ.

ನಮ್ಮ ಹಾಸನದ ಕಡೆ ಆಲೂಗಡ್ಡೆಗೆ ಬರವಿಲ್ಲ. ಒಂದು ಸಣ್ಣ ಗೆಡ್ಡೆ ತುರಿದು, ನೀರಲ್ಲಿ ಒಮ್ಮೆ ತೊಳೆದು, ಗಟ್ಟಿಯಾಗಿ ಹಿಂಡಿ ಹಾಕಿದರೆ ಆಮ್ಲೆಟ್ ಹೊಟ್ಟೆ ತುಂಬುವ ತಿಂಡಿಯಾಗುತ್ತದೆ. ತೊಳೆಯದಿದ್ದರೆ ತುರಿಯ ಹಿಟ್ಟು ಕಾವಲಿಗೆ ಅಂಟುತ್ತದೆ. ಆಲೂಗಡ್ಡೆ ಬೇಯಲು ಹೊತ್ತು ಬೇಕು. ಅದಕ್ಕೆ ಅದನ್ನು ಈರುಳ್ಳಿಗಿಂತ ಮೊದಲು ಹಾಕಿ, ಅಂಚು ಕೆಂಪಗಾಗುವವರೆಗೆ ಹುರಿಯುತ್ತೇನೆ. ಹಿಂದಿನ ರಾತ್ರಿಯ ಆಲೂಗಡ್ಡೆ ಪಲ್ಯ ಉಳಿದಿದ್ದರೆ ಈ ಕೆಲಸವೂ ಇಲ್ಲ.

ಬಾಡಿದ ತರಕಾರಿಯನ್ನು ತಟ್ಟೆಗೆ ತೆಗೆದು ಆರಲು ಬಿಡುತ್ತೇನೆ. ಆಮೇಲೆ ಎರಡು ಮೊಟ್ಟೆ ಒಡೆದು, ಚಿಟಿಕೆ ಉಪ್ಪು, ಕುಟ್ಟಿದ ಕಾಳುಮೆಣಸು ಹಾಕಿ ಕದಡುತ್ತೇನೆ. ಸಕಲೇಶಪುರದ ಕಡೆಯ ಮೆಣಸಾದರೆ ಘಾಟು ಚೆನ್ನಾಗಿರುತ್ತದೆ, ಕಾಲು ಚಮಚ ಬೇಕಾದಷ್ಟಾಯಿತು. ಚೀಸ್‌ನಲ್ಲೇ ಉಪ್ಪಿದೆ, ಅದಕ್ಕೆ ಮೊಟ್ಟೆಗೆ ಕೈ ಹಿಡಿದು ಹಾಕಬೇಕು.

ಇನ್ನು ಚೀಸ್. ಮೊದಮೊದಲು ಅದನ್ನೂ ಮೊಟ್ಟೆಯಲ್ಲೇ ಕಲಸುತ್ತಿದ್ದೆ. ಅದು ಕಾವಲಿಗೆ ತಾಗಿ ಸೀದು, ಬಾಯಿಗೆ ಸಿಗುತ್ತಲೇ ಇರಲಿಲ್ಲ. ಈಗ ಉರಿ ಸಣ್ಣ ಮಾಡಿ ಮೊಟ್ಟೆ ಹುಯ್ದು, ಮೇಲೆ ತರಕಾರಿ ಹರಡಿ, ಮುಚ್ಚಳ ಮುಚ್ಚುತ್ತೇನೆ. ಎರಡು ಮೂರು ನಿಮಿಷದಲ್ಲಿ ಮೇಲ್ಭಾಗವೂ ಗಟ್ಟಿಯಾಗುತ್ತದೆ. ಆಗ ಒಲೆ ಆರಿಸಿ, ಅರ್ಧ ಭಾಗದ ಮೇಲೆ ಚೀಸ್ ತುರಿದು, ಇನ್ನರ್ಧ ಮಡಚಿ, ಮತ್ತೆ ಒಂದು ನಿಮಿಷ ಮುಚ್ಚಿಡುತ್ತೇನೆ. ಆ ಬಿಸಿಗೇ ಕರಗುತ್ತದೆ. ಮೊಗಚಿ ಹಾಕುವ ಕಷ್ಟವೂ ಇಲ್ಲ.

ಚೀಸ್ ದುಬಾರಿ ಅಂತ ಎಷ್ಟೋ ಜನ ಹಿಂದೇಟು ಹಾಕುತ್ತಾರೆ. 200 ಗ್ರಾಂ ಡಬ್ಬಿಯಲ್ಲಿ 25 ಗ್ರಾಂನ 8 ಕ್ಯೂಬ್ ಬರುತ್ತವೆ. ತುರಿದು ಹಾಕಿದರೆ ಒಂದು ಆಮ್ಲೆಟ್‌ಗೆ ಅರ್ಧ ಕ್ಯೂಬ್ ಸಾಕು, ಅಂದರೆ ಒಂದು ಡಬ್ಬಿಗೆ 16 ಆಮ್ಲೆಟ್. ಚೂರು ಮಾಡಿ ಹಾಕಿದರೆ ಒಂದಿಡೀ ಕ್ಯೂಬ್ ಹಾಕಿದರೂ ಎಲ್ಲ ಕಡೆ ಹರಡುವುದಿಲ್ಲ. ಮೊಟ್ಟೆ, ಚೀಸ್, ತರಕಾರಿ, ಎಣ್ಣೆ ಎಲ್ಲ ಸೇರಿ ನನಗೆ ಸುಮಾರು 30 ರೂಪಾಯಿ ಬೀಳುತ್ತದೆ.

ಮಧ್ಯಾಹ್ನದ ಡಬ್ಬಿಗೆ ಕಟ್ಟುವ ದಿನ ಮಾತ್ರ ಚೀಸ್ ಹಾಕುವುದಿಲ್ಲ. ಆರಿದ ಮೇಲೆ ಅದು ರಬ್ಬರಿನ ಹಾಗೆ ಆಗುತ್ತದೆ. ಅವತ್ತು ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿ, ಎರಡೂ ಕಡೆ ಬೇಯಿಸಿ, ಚಪಾತಿಯೊಳಗೆ ಸುತ್ತಿ ಕಳಿಸುತ್ತೇನೆ.